ಬ್ಯಾಂಕಿನವರಿಗೆ ಮಾತ್ರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಗೊತ್ತು. ಬ್ಯಾಂಕಿನಲ್ಲಿ ಕೆಲಸ ಅಂದರೆ ಓನರ್ ಮುಖ ಅರಳುತ್ತದೆ, ಒಳಗಿಂದ ಕಾಫಿ ಬರುತ್ತದೆ. ಚಿತ್ರ ಬರೀತೀನಿ ಅಂದರೆ ಮನೆ ನಿನ್ನೆಯೇ ಹೋಗಿರುತ್ತದೆ.

ಅಮೆರಿಕದ ಸಿಯಾಟಲ್ ಆರ್ಟ್ ಮ್ಯೂಸಿಯಂ ಪುಣ್ಯ ನೋಡಿ. ಅಲ್ಲಿ ಚಿತ್ರದವರೇ ಓನರು. ಬಾಡಿಗೆಗೆ ಬಂದಿದ್ದು ಬ್ಯಾಂಕಿನ ಕ್ಲರ್ಕ್ ಅಲ್ಲ, ಇಡೀ ಬ್ಯಾಂಕು!

ವಾಷಿಂಗ್ಟನ್ ಮ್ಯೂಚುಯಲ್ ಅಂತ ಅದರ ಹೆಸರು, ಪ್ರೀತಿಯಿಂದ ವಾಮು. 2006ರಲ್ಲಿ ಊರ ನಡುವೆ 42 ಮಹಡಿ ಎಬ್ಬಿಸಿತು. ಕೆಳಗಿನ ಭಾಗ ಪಕ್ಕದಲ್ಲೇ ಇದ್ದ ಮ್ಯೂಸಿಯಂ ಪಾಲಿಗೆ. 2007ರಲ್ಲಿ ಮ್ಯೂಸಿಯಂ ಹೊಸ ಗ್ಯಾಲರಿ ತೆರೆಯಿತು. ಮುಂದೆ ಬೇಕಾಗುತ್ತೆ ಅಂತ ಇಟ್ಟುಕೊಂಡ 8 ಮಹಡಿ ಸುಮ್ನೆ ಖಾಲಿ ಯಾಕೆ ಅಂತ ಬ್ಯಾಂಕಿಗೇ ಬಾಡಿಗೆಗೆ ಕೊಟ್ಟಿತು. ಕೆಳಗೆ ಮುಖವಾಡ, ಮೇಲೆ ಮುಖಬೆಲೆ. ಯಾರಿಗುಂಟು ಯಾರಿಗಿಲ್ಲ!

ಮ್ಯೂಸಿಯಂ ಒಳಗೆ ಕಾಲಿಟ್ಟರೆ ತಲೆ ಮೇಲೆ ಬಿಳಿ ಕಾರುಗಳು ತೂಗಾಡುತ್ತಿದ್ದವು. ಮೈತುಂಬ ಬೆಳಕಿನ ಕೋಲು ಚುಚ್ಚಿಕೊಂಡು, ಬಾಂಬ್ ಸಿಡಿದ ಕಾರು ಗಾಳಿಯಲ್ಲಿ ಪಲ್ಟಿ ಹೊಡೆಯುವ ಹಾಗೆ. ಚೀನಾ ಮೂಲದ ಕಲಾವಿದ ತ್ಸೈ ಗುವೊ-ಚಿಯಾಂಗ್ ಇದಕ್ಕೆ ಇಟ್ಟ ಹೆಸರಿನ ಅರ್ಥ 'ಅಕಾಲ'. ಜನ ಇದನ್ನು ಕಲೆ ಅಂದುಕೊಂಡರು. ಶಕುನ ಅಂತ ಯಾರಿಗೂ ಹೊಳೆಯಲಿಲ್ಲ.

ಮೇಲಿನ ಬ್ಯಾಂಕಿನವರ ಘೋಷಣೆ 'ಪವರ್ ಆಫ್ ಎಸ್', ಅಂದರೆ 'ಹೂಂ' ಅನ್ನುವುದರ ಶಕ್ತಿ. ಮನೆ ಸಾಲ ಬೇಕಾ? ಎಸ್. ಸಂಬಳ ಎಷ್ಟು? ನೀವು ಹೇಳಿದಷ್ಟು. ನಮ್ಮೂರ ಸಹಕಾರಿ ಬ್ಯಾಂಕಿನಲ್ಲಿ ಇಬ್ಬರು ಜಾಮೀನುದಾರರನ್ನು ಕರೆತಂದರೂ ಮ್ಯಾನೇಜರು ಮತ್ತೆ ನಾಳೆ ಬಾ ಅನ್ನುತ್ತಾರೆ. ಪಾಪ, ಅವರಿಗೆ ಎಸ್ ಶಕ್ತಿ ಗೊತ್ತಿಲ್ಲ.

ಹಾಗೆ ಕೊಟ್ಟ ಸಾಲ ವಾಪಸ್ ಬರಲಿಲ್ಲ, ದುಡ್ಡು ಇಟ್ಟವರು ಹೆದರಿದರು. 2008ರ ಸೆಪ್ಟೆಂಬರಿನಲ್ಲಿ ಜನ ಹತ್ತು ದಿನದೊಳಗೆ 1,670 ಕೋಟಿ ಡಾಲರ್ ಕಿತ್ತುಕೊಂಡು ಹೋದರು. 25ನೇ ತಾರೀಖು ಸರ್ಕಾರ ಬೀಗ ಜಡಿಯಿತು. ಅವತ್ತು ಬ್ಯಾಂಕಿನ 119ನೇ ಹುಟ್ಟುಹಬ್ಬ, ತಮಾಷೆ ಅಲ್ಲ. 30,700 ಕೋಟಿ ಡಾಲರ್ ಆಸ್ತಿಯ ಬ್ಯಾಂಕು 190 ಕೋಟಿಗೆ ಜೆಪಿ ಮಾರ್ಗನ್ ಅನ್ನುವ ಇನ್ನೊಂದು ಬ್ಯಾಂಕಿನ ಪಾಲಾಯಿತು. ಅಮೆರಿಕದ ಚರಿತ್ರೆಯಲ್ಲೇ ಇಷ್ಟು ದೊಡ್ಡ ಬ್ಯಾಂಕು ಮುಳುಗಿರಲಿಲ್ಲ.

ಮ್ಯೂಸಿಯಂ ಕೈಯಲ್ಲಿ ಉಳಿದದ್ದು 8 ಮಹಡಿಯ ಬೀಗದ ಕೈ. ಕಲೆ ಬದುಕಬೇಕಾದರೆ ಕಾಸಿನವರ ನೆರಳು ಬೇಕು ಅಂತ ಉಪದೇಶ ಮಾಡಿದವರೆಲ್ಲ ಎಲ್ಲಿ ಹೋದರೋ. ಆಮೇಲೆ ಆ ಮಹಡಿಗಳಿಗೆ ಬಂದದ್ದು ಬಟ್ಟೆ, ಚಪ್ಪಲಿ ಮಾರುವ ನಾರ್ಡ್‌ಸ್ಟ್ರಾಮ್.

ಮ್ಯೂಸಿಯಂನವರು ನನ್ನನ್ನು ಕೇಳಿದ್ದರೆ ನಮ್ಮ ಮಲ್ಲೇಶ್ವರದ ಹಳೇ ಓನರಮ್ಮನ ಹತ್ತಿರ ಕಳಿಸುತ್ತಿದ್ದೆ. "ಬ್ಯಾಂಕಾದ್ರೇನು, ಹತ್ತು ತಿಂಗಳ ಅಡ್ವಾನ್ಸ್ ಇಡಿ. ಗೋಡೆಗೆ ಮೊಳೆ ಹೊಡೀಬೇಡಿ" ಅನ್ನುತ್ತಿದ್ದರು. ಮೊಳೆ ವಿಷಯ ಮ್ಯೂಸಿಯಮ್ಮಿಗೆ ಸ್ವಲ್ಪ ಕಷ್ಟ, ಬಿಡಿ.

ಇನ್ನು ಕಟ್ಟಡದ ಕಥೆ. 2009ರಲ್ಲಿ ಗೋಪುರವನ್ನು ಒಂದು ವಿಮೆ ಕಂಪನಿ 11.5 ಕೋಟಿ ಡಾಲರಿಗೆ ಕೊಂಡಿತು. 2012ರಲ್ಲಿ 48 ಕೋಟಿಗೆ ಮಾರಿತು. ಅದೇ ಗಾಜು, ಅದೇ ಲಿಫ್ಟು. ನಡುವೆ ಬದಲಾದದ್ದು ಗೋಪುರದ ಹೆಸರು, ಅದು ಪಕ್ಕದ ಊರು ಟಕೋಮಾದಿಂದ ಬಂದ ಹೂಡಿಕೆ ಕಂಪನಿ ರಸೆಲ್ ಇನ್ವೆಸ್ಟ್‌ಮೆಂಟ್ಸ್‌ದು. ಕೆಳಗೆ ಟಿಕೆಟ್ ಕೊಂಡು ಒಳಗೆ ಹೋದವರು ಒಂದೇ ಬಣ್ಣದ ಕ್ಯಾನ್ವಾಸ್ ನೋಡಿ "ಇದಕ್ಕೆ ಇಷ್ಟು ದುಡ್ಡಾ?" ಅಂತ ಮೂಗು ಮುರಿಯುತ್ತಾರೆ. ತಲೆ ಮೇಲಿನ ಮಹಡಿಗಳ ರೇಟು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಆದರೂ ಕೆಲಸ ಬಿಡದವನು ಒಬ್ಬನೇ. ಮ್ಯೂಸಿಯಂ ಬಾಗಿಲಲ್ಲಿ ನಿಂತ 48 ಅಡಿಯ ಕಪ್ಪು ಉಕ್ಕಿನ ಮನುಷ್ಯ, 'ಹ್ಯಾಮರಿಂಗ್ ಮ್ಯಾನ್'. 1991ರಲ್ಲಿ ನಿಲ್ಲಿಸುವಾಗಲೇ ಬಿದ್ದು, ರಿಪೇರಿಯಾಗಿ ಮರುವರ್ಷ ಎದ್ದು ನಿಂತವನು. ನಿಮಿಷಕ್ಕೆ 4 ಸಲ ಸುತ್ತಿಗೆ ಎತ್ತಿ ಇಳಿಸುವುದೇ ಅವನ ಕೆಲಸ. ಕೆಳಗೆ ಮೊಳೆ ಇಲ್ಲ, ಕಬ್ಬಿಣ ಇಲ್ಲ, ಏನೂ ಇಲ್ಲ. ವರ್ಷಕ್ಕೊಂದು ರಜೆ, ಸೆಪ್ಟೆಂಬರಿನಲ್ಲಿ ಬರುವ ಅಮೆರಿಕದ ಕಾರ್ಮಿಕರ ದಿನ. ವಾಮು ಬಾಗಿಲು ಹಾಕಿದ ಮರುದಿನವೂ ಅವನದು ಅದೇ ಡ್ಯೂಟಿ.

ಓನರಮ್ಮನಿಗೆ ಫೋಟೋ ಕಳಿಸಿದೆ. "ಆ ಮನುಷ್ಯನಿಗೆ ಮಹಡಿ ಕೊಡಬಹುದಿತ್ತಲ್ಲೋ, ಗಲಾಟೆ ಇಲ್ಲ" ಅಂದರು.