ಬರೆದುಕೊಡದ ಜಾಮೀನಿಗೆ ನಾವು ಯಾಕೆ ಹೊಣೆ?

ಮನೆಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ಕಂಪನಿಗಳ ಷೇರುಗಳನ್ನು ಮತ್ತೆ ಜನರಿಗೆ ಮಾರುವ ಮಾತು 2025ರಲ್ಲಿ ಇಲ್ಲಿ ಅಮೆರಿಕದಲ್ಲಿ ಜೋರಾಯಿತು. 2008ರಲ್ಲಿ ಸುಪರ್ದಿಗೆ ತೆಗೆದುಕೊಂಡ ಈ ಕಂಪನಿಗಳನ್ನು ಹೊರಗೆ ಬಿಟ್ಟರೂ ಸರ್ಕಾರದ ಬರೆದುಕೊಡದ ಖಾತರಿ ಹಾಗೇ ಇರುತ್ತದೆ ಎಂದು ಅಧ್ಯಕ್ಷ ಟ್ರಂಪ್ ಬರೆದರು. ಓದಿ ನನಗೆ ನಿಜಕ್ಕೂ ದಿಗಿಲಾಯಿತು. 2008ರಲ್ಲಿ ತೆರಿಗೆ ಕಟ್ಟುವವರ ತಲೆಗೆ ಸುತ್ತಿಕೊಂಡಿದ್ದು ಇದೇ ಖಾತರಿ.

ಇಲ್ಲಿ ಮನೆ ಕೊಂಡ ನಮ್ಮ ಕನ್ನಡದವರಲ್ಲಿ ಎಷ್ಟೋ ಜನರ ಸಾಲ ಈ ಎರಡರಲ್ಲಿ ಒಂದರ ಕೈಗೆ ಹೋಗಿರುತ್ತದೆ. ಕಂತು ಕಟ್ಟುವುದು ಬೇರೆಯವರಿಗೆ, ಹಾಗಾಗಿ ಗಮನಕ್ಕೆ ಬರುವುದಿಲ್ಲ ಅಷ್ಟೆ. ಬ್ಯಾಂಕು ಸಾಲ ಕೊಟ್ಟು ಇವರಿಗೆ ಮಾರುತ್ತದೆ. ಇವರು ಅಂಥ ಸಾಲಗಳನ್ನು ಒಟ್ಟುಗೂಡಿಸಿ ಬಾಂಡ್ ಮಾಡಿ ಮಾರುತ್ತಾರೆ. ಸಾಲಗಾರ ಕಟ್ಟದಿದ್ದರೆ ನಾವು ಕೊಡುತ್ತೇವೆ ಅಂತ ಜಾಮೀನು ನಿಲ್ಲುತ್ತಾರೆ. 30 ವರ್ಷ ಬಡ್ಡಿ ಬದಲಾಗದ ಸಾಲ ಇಷ್ಟು ಸಲೀಸಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಇವನ್ನು ಮುಚ್ಚಿಬಿಡಿ ಎನ್ನುವವಳು ನಾನಲ್ಲ.

ಆದರೆ ಜಾಮೀನು ನಿಂತವರಿಗೆ ಜಾಮೀನು ಯಾರು? ಕಾಗದದ ಮೇಲೆ ಯಾರೂ ಇರಲಿಲ್ಲ. ಸರ್ಕಾರದ ಖಾತರಿ ಇಲ್ಲ ಎಂದು ಬಾಂಡ್‌ನ ಕಾಗದಪತ್ರದಲ್ಲೇ ಬರೆದಿರುತ್ತಿತ್ತು. ಕೊಳ್ಳುವವರು ಅದನ್ನು ನಂಬಲಿಲ್ಲ. 1938ರಲ್ಲಿ ಸರ್ಕಾರವೇ ಹುಟ್ಟುಹಾಕಿದ ಫ್ಯಾನಿ ಮೇ 1968ರಲ್ಲಿ ಷೇರುದಾರರ ಪಾಲಾಗಿತ್ತು. ಆದರೂ ಮುಳುಗುವಾಗ ಸರ್ಕಾರ ಕೈಬಿಡುವುದಿಲ್ಲ ಅಂದುಕೊಂಡರು. ಆ ನಂಬಿಕೆಯಿಂದಲೇ ಈ ಕಂಪನಿಗಳಿಗೆ ಕಡಿಮೆ ಬಡ್ಡಿಗೆ ಹಣ ಸಿಕ್ಕಿತು. ಲಾಭ ಷೇರುದಾರರಿಗೆ ಹೋಯಿತು.

ಇಂಥ ಕಂಪನಿಗಳಿಗೆ ಗಟ್ಟಿ ಕಾವಲು ಬೇಕಲ್ವಾ? 1992ರಲ್ಲಿ ಓಎಫ್‌ಎಚ್‌ಇಒ ಎಂಬ ಕಚೇರಿ ಮಾಡಿದರು. ಅದರ ಖರ್ಚು ಕಂಪನಿಗಳದ್ದೇ. ಆದರೆ ಎಷ್ಟು ಖರ್ಚು ಮಾಡಬೇಕು ಎಂದು ಪ್ರತಿ ವರ್ಷ ಸಂಸತ್ತು ಹೇಳಬೇಕಿತ್ತು. ಬ್ಯಾಂಕುಗಳನ್ನು ನೋಡಿಕೊಳ್ಳುವ ನಿಯಂತ್ರಕರಿಗೆ ಈ ಕಟ್ಟು ಇರಲಿಲ್ಲ. ಅದೇ ಸಂಸತ್ತಿನ ಸದಸ್ಯರನ್ನು ಒಲಿಸಿಕೊಳ್ಳಲು ಕಂಪನಿಗಳು ಕೋಟಿಗಟ್ಟಲೆ ಡಾಲರ್ ಸುರಿಯುತ್ತಿದ್ದವು. ಕಾವಲುಗಾರನ ಸಂಬಳದ ಚೀಟಿ ಮನೆಗೆ ನುಗ್ಗುವವರ ಸ್ನೇಹಿತರ ಕೈಯಲ್ಲಿದ್ದ ಹಾಗೆ.

ಬಂಡವಾಳದ ನಿಯಮವಂತೂ ಇನ್ನೂ ಸಡಿಲ. 100 ಡಾಲರ್ ಸಾಲಕ್ಕೆ ಜಾಮೀನು ನಿಂತರೆ ಸ್ವಂತ ಹಣ ಕನಿಷ್ಠ 45 ಸೆಂಟ್ ಇದ್ದರೆ ಸಾಕಿತ್ತು. ಅರ್ಧ ಡಾಲರ್ ಕೂಡ ಅಲ್ಲ!

ಆ ಸಣ್ಣ ಕಚೇರಿ ಸುಮ್ನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. 2004ರಲ್ಲಿ ಫ್ಯಾನಿ ಮೇ ಲೆಕ್ಕದ ಗೋಲ್‌ಮಾಲನ್ನು ಬಯಲಿಗೆಳೆದದ್ದು ಅದೇ. 2006ರಲ್ಲಿ 40 ಕೋಟಿ ಡಾಲರ್ ದಂಡ ಬಿತ್ತು. ಇಷ್ಟಾದರೂ ನಿಯಂತ್ರಕರಿಗೆ ಹಲ್ಲು ಕೊಡುವ ಕಾನೂನು ಬಂದದ್ದು 2008ರ ಜುಲೈ ಕೊನೆಗೆ. ಅದೇ ತಿಂಗಳ ಮೊದಲಲ್ಲಿ ಎರಡೂ ಕಂಪನಿಗಳ ಬಂಡವಾಳ ಸಾಕಷ್ಟಿದೆ ಎಂದು ಓಎಫ್‌ಎಚ್‌ಇಒ ಹೇಳಿತ್ತು. ಸೆಪ್ಟೆಂಬರ್‌ನಲ್ಲಿ ಎರಡನ್ನೂ ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಅವು ಸುಮಾರು 5 ಲಕ್ಷ ಕೋಟಿ ಡಾಲರ್ ಗೃಹಸಾಲಕ್ಕೆ ಹೊಣೆಯಾಗಿದ್ದವು. ಖಜಾನೆಯಿಂದ ಒಟ್ಟು ಸುಮಾರು 19,100 ಕೋಟಿ ಡಾಲರ್ ಹೋಯಿತು.

ಸರ್ಕಾರಕ್ಕೆ ಕೊನೆಗೆ ಲಾಭವೇ ಆಯಿತಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಹೌದು, 30,000 ಕೋಟಿ ಡಾಲರಿಗೂ ಜಾಸ್ತಿ ಡಿವಿಡೆಂಡ್, ಅಂದರೆ ಲಾಭದ ಪಾಲು, ವಾಪಸ್ ಬಂದಿದೆ. 2013ರಿಂದ ಕೆಲವು ವರ್ಷ ಹೆಚ್ಚುಕಡಿಮೆ ಇಡೀ ಲಾಭವನ್ನು ಸರ್ಕಾರವೇ ತೆಗೆದುಕೊಳ್ಳುತ್ತಿತ್ತು. ಆದರೆ 2008ರಲ್ಲಿ ಹೀಗಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮನೆ ಬೆಲೆ ಇನ್ನೂ ಐದಾರು ವರ್ಷ ಕುಸಿದಿದ್ದರೆ? ನಷ್ಟದ ಹೊಣೆ ಹೊತ್ತವರನ್ನು ಮೊದಲು ಯಾರೂ ಕೇಳಲೇ ಇಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

2020ರಲ್ಲಿ, ಓಎಫ್‌ಎಚ್‌ಇಒ ಜಾಗಕ್ಕೆ ಬಂದ ಹೊಸ ನಿಯಂತ್ರಕ ಎಫ್‌ಎಚ್‌ಎಫ್‌ಎ ಬಂಡವಾಳದ ನಿಯಮ ಬಿಗಿ ಮಾಡಿತು. ಅದು ಕೇಳುವಷ್ಟು ಹಣ ಸೇರುವ ತನಕ ಷೇರು ಮಾರಾಟ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು. ಸರ್ಕಾರದ ಬೆಂಬಲಕ್ಕೆ ಕಂಪನಿಗಳು ಆಗಾಗ ಶುಲ್ಕ ಕಟ್ಟಬೇಕು ಎಂದು 2008ರ ಒಪ್ಪಂದದಲ್ಲೇ ಬರೆದಿದೆ. ಅದನ್ನು ಮೊದಲು ಮನ್ನಾ ಮಾಡಿದರು, 2012ರಲ್ಲಿ ತಡೆಹಿಡಿದರು. ಖಾತರಿ ಮುಂದುವರಿಯುವುದಾದರೆ ಆ ಶುಲ್ಕ ಎಷ್ಟು ಎಂದು ಸಂಸತ್ತು ಕಾನೂನಿನಲ್ಲಿ ಬರೆಯಲಿ, ಷೇರು ಮಾರುವ ಮೊದಲೇ ಬರೆಯಲಿ.