ಸತ್ಯಾಂಶ: ಗುಟ್ಟು ರಟ್ಟಾದದ್ದಕ್ಕೆ ರೆಸ್ಲಿಂಗ್ ಕಂಪನಿಗಳು ಮುಚ್ಚಲಿಲ್ಲ

ಫಲಿತಾಂಶ ಮೊದಲೇ ನಿಗದಿ ಎಂದು ಗೊತ್ತಾಗಿ ಜನ ಕೈಬಿಟ್ಟರು, ಅಮೆರಿಕದ ಪ್ರಾದೇಶಿಕ ರೆಸ್ಲಿಂಗ್ ಕಂಪನಿಗಳು ಮುಚ್ಚಿದವು ಎಂಬ ಸಂದೇಶ ಆಗಾಗ ಬರುತ್ತದೆ. ಕೇಳಲು ಸರಿಯೆನಿಸಿದರೂ ಇಸವಿಗಳು ತಾಳೆಯಾಗುವುದಿಲ್ಲ.

1930ರ ದಶಕದಲ್ಲೇ ಪತ್ರಿಕೆಗಳು ಈ ಗುಟ್ಟನ್ನು ಬರೆದಿದ್ದವು. ಆಮೇಲೂ ಕಂಪನಿಗಳು ದಶಕಗಟ್ಟಲೆ ನಡೆದವು: ಒಂದೊಂದಕ್ಕೂ ತನ್ನದೇ ಸೀಮೆ, ಸ್ಥಳೀಯ ಟಿವಿಯಲ್ಲಿ ವಾರದ ಕಾರ್ಯಕ್ರಮ. ಟಿವಿ ಬರೀ ಆಸೆ ಹುಟ್ಟಿಸುತ್ತಿತ್ತು, ಗಳಿಕೆ ಟಿಕೆಟ್‌ನಲ್ಲಿತ್ತು. 1980ರ ದಶಕದಲ್ಲಿ ಕೇಬಲ್ ಟಿವಿ ಬಂದು, ಒಂದೇ ಕಾರ್ಯಕ್ರಮವನ್ನು ದೇಶವಿಡೀ ತೋರಿಸಿ, ಸೀಮೆಗಳನ್ನೇ ಅಳಿಸಿತು. ಹೆಸರುವಾಸಿ ಪೈಲ್ವಾನರು ಹೆಚ್ಚಿನ ಹಣಕ್ಕೆ WWF (ಈಗಿನ WWE) ಎಂಬ ದೊಡ್ಡ ಕಂಪನಿಯತ್ತ ಹೋದರು. ‘ಇದು ಮನರಂಜನೆ’ ಎಂದು ಅದೇ ಕಂಪನಿ ನ್ಯೂಜೆರ್ಸಿ ರಾಜ್ಯದಲ್ಲಿ ಅಧಿಕೃತವಾಗಿ ಒಪ್ಪಿಕೊಂಡದ್ದು 1989ರಲ್ಲಿ. ಅಷ್ಟರಲ್ಲಿ ಪ್ರಾದೇಶಿಕ ಕಂಪನಿಗಳಲ್ಲಿ ಹೆಚ್ಚಿನವು ಮುಚ್ಚಿಯಾಗಿತ್ತು.

ನೀವೇ ನೋಡಬೇಕೆಂದರೆ, ಯಾವುದಾದರೂ ಕಂಪನಿಯ ಕೊನೆಯ ಎರಡು ವರ್ಷದ ಪಂದ್ಯದ ಜಾಹೀರಾತುಗಳನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ. ಮುಖ್ಯ ಪಂದ್ಯದ ಪೈಲ್ವಾನನ ಹೆಸರು ಯಾವ ತಿಂಗಳು ಮಾಯವಾಯಿತು, ಸಭಾಂಗಣ ಯಾವಾಗ ಚಿಕ್ಕದಾಯಿತು ಎಂದು ಗುರುತು ಹಾಕಿಕೊಳ್ಳಿ.