ಹೊಸ್ತಿಲು ದಾಟದ ಸರ್ಕಾರ

ಸ್ವೀಡನ್ನಿನಲ್ಲಿ ಪ್ರಧಾನಿ ಆಗಬೇಕಾದರೆ ನಿಮ್ಮನ್ನು ಬೇಕು ಅನ್ನುವವರು ಎಷ್ಟಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಬೇಡ ಅನ್ನುವವರು 175 ಮುಟ್ಟದಿದ್ದರೆ ಆಯಿತು, ಕುರ್ಚಿ ನಿಮ್ಮದೇ. 2021ರ ನವೆಂಬರ್ 24, ಬುಧವಾರ ಬೆಳಿಗ್ಗೆ ಮ್ಯಾಗ್ಡಲೀನಾ ಆಂಡರ್ಸನ್ ಅವರನ್ನು ಬೇಕು ಅಂದವರು 117 ಜನ. ಬೇಡ ಅಂದವರು 174. ಗೆದ್ದವರು ಆಂಡರ್ಸನ್!

ಉಳಿದ 57 ಜನ? ಸುಮ್ನೆ ಕೂತಿದ್ದರು. ಇನ್ನೊಬ್ಬರು ಬಂದೇ ಇರಲಿಲ್ಲ. 349 ಜನರ ಸಂಸತ್ತಿನಲ್ಲಿ ಸರ್ಕಾರವನ್ನು ಹೊತ್ತು ನಿಲ್ಲಿಸುವವರು ಈ ಸುಮ್ನೆ ಕೂತವರೇ. ಯಾರನ್ನೂ ಬಸ್ಸಿಗೆ ತುಂಬಿ ರೆಸಾರ್ಟಿಗೆ ಒಯ್ಯುವ ತಾಪತ್ರಯವಿಲ್ಲ. ಕೂತಲ್ಲೇ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅದೇ ಉಪಕಾರ.

ದೇಶದ ಮೊದಲ ಮಹಿಳಾ ಪ್ರಧಾನಿ. ಅಲ್ಲಿನ ಹೆಣ್ಣುಮಕ್ಕಳು ಸಂಸತ್ತಿನ ಚುನಾವಣೆಯಲ್ಲಿ ಮೊದಲ ಸಲ ವೋಟು ಹಾಕಿ ಸರಿಯಾಗಿ ನೂರು ವರ್ಷ. ಅರ್ಧ ಸದನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಆದರೆ ಅದೇ ದಿನ ಬಜೆಟ್ ಮೇಲೂ ಮತದಾನ ಇತ್ತು.

ಹಿಂದಿನ ರಾತ್ರಿ ಎಡಪಕ್ಷದ ಜೊತೆ ಒಂದು ಒಪ್ಪಂದ ಆಗಿತ್ತು. ಕಡಿಮೆ ಪಿಂಚಣಿಯವರಿಗೆ ಸ್ವಲ್ಪ ಜಾಸ್ತಿ ದುಡ್ಡು ಅಂತ ಮಾತು. ಎಡಪಕ್ಷಕ್ಕೆ ಖುಷಿ. ಅದನ್ನು ನೋಡಿ ಸೆಂಟರ್ ಪಕ್ಷಕ್ಕೆ ಮುನಿಸು. ಆಂಡರ್ಸನ್ ಪ್ರಧಾನಿ ಆಗಲಿ, ನಮ್ಮ ಅಡ್ಡಿಯಿಲ್ಲ, ಅವರ ಬಜೆಟ್ಟು ಮಾತ್ರ ಬೇಡ ಅಂದಿತು. ಸೊಸೆ ಮನೆಗೆ ಬರಲಿ, ಅಡುಗೆಮನೆಗೆ ಕಾಲಿಡಬಾರದು ಅಂದಂತೆ.

ಹಾಗಾಗಿ ವಿರೋಧಿಗಳ ಬಜೆಟ್ಟಿಗೆ 154 ಮತ, ಸರ್ಕಾರದ್ದಕ್ಕೆ 143. ಮಾಡರೇಟ್ ಪಕ್ಷ, ಕ್ರಿಶ್ಚಿಯನ್ ಡೆಮಾಕ್ರಾಟರು, ಕಟ್ಟಾ ಬಲಪಂಥದ ಸ್ವೀಡನ್ ಡೆಮಾಕ್ರಾಟರು ಸೇರಿ ಮಾಡಿದ ಅಡುಗೆ ಅದು. ಇನ್ನು ಬಡಿಸಬೇಕಾದವರು ಆಂಡರ್ಸನ್. ಏಳು ವರ್ಷ ಹಣಕಾಸು ಸಚಿವೆಯಾಗಿ ಬಜೆಟ್ ಮಾಡಿದ ಕೈ ಅದು, ನೆನಪಿರಲಿ. ಆದರೂ ಅವರು, ಇದೇ ಬಜೆಟ್ ಇಟ್ಟುಕೊಂಡು ಸರ್ಕಾರ ನಡೆಸಬಹುದು ಅಂದರು. ಎಂಥ ಸಹನೆ!

ಅಷ್ಟು ಸಹನೆ ಗ್ರೀನ್ ಪಕ್ಷಕ್ಕಿರಲಿಲ್ಲ. ಸರ್ಕಾರದಲ್ಲಿ ಜೊತೆಗಿದ್ದ ಪಕ್ಷ ಇದೊಂದೇ, 16 ಸ್ಥಾನದ್ದು. ವಿರೋಧಿಗಳ ಬಜೆಟ್ಟಿನಲ್ಲಿ ಪೆಟ್ರೋಲಿನ ತೆರಿಗೆ ಲೀಟರಿಗೆ 50 ಓರೆ ಇಳಿದಿತ್ತು. ಓರೆ ಅಂದರೆ ಅಲ್ಲಿನ ಪೈಸೆ. ಹಸಿರು ಪಕ್ಷದವರು ಪೆಟ್ರೋಲ್ ಅಗ್ಗ ಮಾಡುವುದೇ? ಅದರ ಮೇಲೆ ಕಟ್ಟಾ ಬಲಪಂಥದವರು ಕೈಯಾಡಿಸಿದ ಬಜೆಟ್ಟು ಬೇರೆ. ಎಲೆ ಹಾಕಿದ್ದಷ್ಟೇ, ನೀರು ಕುಡಿಯುವ ಮೊದಲೇ ಎದ್ದು ಹೋದರು.

ಕೂಡಿಕೆಯ ಒಂದು ಪಕ್ಷ ಹೊರನಡೆದರೆ ಪ್ರಧಾನಿ ರಾಜೀನಾಮೆ ಕೊಡಬೇಕು ಅನ್ನುವುದು ಅಲ್ಲಿನ ರೂಢಿ. ಆಂಡರ್ಸನ್ ಸ್ಪೀಕರ್ ಆಂಡ್ರಿಯಾಸ್ ನೊರ್ಲೆನ್ ಅವರ ಬಳಿ ಬಿಡುಗಡೆ ಕೇಳಿದರು. ಆಯ್ಕೆಯಾಗಿ ಏಳು ಗಂಟೆ ಕಳೆದಿತ್ತು ಅಷ್ಟೆ. ನಮ್ಮ ಕಡೆ ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೇ ಅದಕ್ಕಿಂತ ಹೊತ್ತು ಹಿಡಿಯುತ್ತದೆ.

ಪಾಪ, ದೊರೆ ಕಾರ್ಲ್ ಗುಸ್ತಾಫ್. 1975ರಿಂದ ಸರ್ಕಾರ ರಚನೆಯಲ್ಲಿ ಅವರ ಮಾತಿಗೆ ಜಾಗವೇ ಇಲ್ಲ, ಅದೆಲ್ಲ ಸ್ಪೀಕರ್ ಕೆಲಸ. ಸರ್ಕಾರ ಬದಲಾದಾಗ ಒಂದು ಸಭೆ ನಡೆಸಿ ಅಧ್ಯಕ್ಷತೆ ವಹಿಸುವುದು ಮಾತ್ರ ಉಳಿದಿದೆ. ಆ ಸಭೆ ಶುಕ್ರವಾರಕ್ಕೆ ಗೊತ್ತಾಗಿತ್ತು. ಸರ್ಕಾರ ಬುಧವಾರವೇ ಹೋಯಿತು. ಅಧಿಕಾರ ಕೈಗೆ ಬಂದೇ ಇರಲಿಲ್ಲ, ಹಾಗಾಗಿ ಆಗ ಆಂಡರ್ಸನ್ ಅವರನ್ನು ಮಾಜಿ ಪ್ರಧಾನಿ ಅನ್ನುವಂತೆಯೂ ಇರಲಿಲ್ಲ. ಹಿಂದಿನ ಪ್ರಧಾನಿ ಸ್ಟೆಫಾನ್ ಲೋಫ್ವೆನ್ ಆಗಲೇ ರಾಜೀನಾಮೆ ಕೊಟ್ಟು ಹಂಗಾಮಿಯಾಗಿ ಕಾಯುತ್ತಿದ್ದರು. ಅವರ ಕಾಯುವಿಕೆ ಮುಂದುವರಿಯಿತು.

ಐದು ದಿನ ಬಿಟ್ಟು, 29ಕ್ಕೆ ಮತ್ತೆ ಮತದಾನ. ಈ ಸಲ ಆಂಡರ್ಸನ್ ಒಂಟಿ. ಬೇಕು ಅಂದವರು 101, ಬೇಡ 173, ಸುಮ್ನೆ ಕೂತವರು 75. ಬೆಂಬಲ ಹದಿನಾರು ಕಡಿಮೆಯಾಗಿತ್ತು, ಆದರೂ ಸರ್ಕಾರ ನಿಂತಿತು! ಬುಧವಾರ ಎದ್ದು ಹೋಗಿದ್ದ ಗ್ರೀನರೂ ಈ ಸಲ ಸುಮ್ನೆ ಕೂತವರ ಸಾಲಿನಲ್ಲಿದ್ದರು. ಮರುದಿನ ದೊರೆಯ ಸಭೆಯೂ ನಡೆಯಿತು.

ಇದೇ ಸಂಸತ್ತಿನಲ್ಲಿ 1973ರ ಚುನಾವಣೆ ಆದ ಮೇಲೆ ಎರಡು ಬಣಕ್ಕೂ 175, 175 ಸ್ಥಾನ ಬಂದಿತ್ತು. ಮತ ಸಮ ಆದಾಗೆಲ್ಲ ಚೀಟಿ ಎತ್ತುತ್ತಿದ್ದರು. ಮೂರು ವರ್ಷ ಹಾಗೇ ದೇಶ ನಡೆಯಿತು, ಆಮೇಲೆ ಬುದ್ಧಿ ಬಂದು ಒಂದು ಕುರ್ಚಿ ಕಡಿಮೆ ಮಾಡಿದರು. ನನಗೇನೋ ಆ ಚೀಟಿಯೇ ವಾಸಿ ಅನ್ನಿಸುತ್ತದೆ. ಬೆಳಿಗ್ಗೆ ಹೂಂ ಅಂದ ಚೀಟಿ ಸಂಜೆ ಮುನಿಸಿಕೊಂಡು ಎದ್ದು ಹೋಗುವುದಿಲ್ಲವಲ್ಲ.